ಮೂತ್ರಪಿಂಡದ ಗಾಯವೂ ಅಸ್ತ್ರದ ಉಪಸಂಹಾರವೂ

ಅಸ್ತ್ರವಿದ್ಯೆಗೆ ಎರಡು ಅಂಗಗಳುಂಟೆಂಬುದನ್ನು ಇತಿಹಾಸಪುರಾಣಗಳನ್ನು ಓದಿದವರೂ ಕೇಳಿದವರೂ ಬಲ್ಲರು. ಮಂತ್ರಪೂರ್ವಕವಾಗಿ ಅಸ್ತ್ರವನ್ನು ಬಿಡುವುದು ಪ್ರಯೋಗ. ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆದುಕೊಳ್ಳುವುದು ಉಪಸಂಹಾರ. ಮಹಾಭಾರತದ ಸೌಪ್ತಿಕಪರ್ವದ ಕೊನೆಯಲ್ಲಿ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಶಿರವೆಂಬ ಅಸ್ತ್ರವನ್ನು ಒಬ್ಬರಿಗೊಬ್ಬರು ಎದುರಾಗಿ ಪ್ರಯೋಗಿಸಿದಾಗ, ವ್ಯಾಸನಾರದರು ನಡುವೆ ನಿಂತು ಅದನ್ನು ಹಿಂತೆಗೆಯಿರೆಂದು ಇಬ್ಬರಿಗೂ ಹೇಳಿದರು. ಅರ್ಜುನನು ಹಿಂತೆಗೆದನು. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತೇ ಹೊರತು ಹಿಂತೆಗೆಯುವುದು ಸಾಧ್ಯವಾಗಲಿಲ್ಲ. ಅವನ ಅಸ್ತ್ರವು ಯುದ್ಧದಲ್ಲಿ ಯಾವ ಪಾಲೂ ಇಲ್ಲದ ಗರ್ಭಸ್ಥ ಶಿಶುವಿನ ಮೇಲೆ ಹೋಗಿ ಬಿದ್ದಿತು.

ಮನುಷ್ಯಶರೀರದಲ್ಲಿಯೂ ಇಂಥದೊಂದು ಅಸ್ತ್ರವಿದ್ಯೆ ಹಗಲಿರುಳೂ ನಡೆಯುತ್ತಿರುವುದು. ದೇಹದ ಯಾವುದಾದರೂ ಭಾಗಕ್ಕೆ ಪೆಟ್ಟು ತಗುಲಿದೊಡನೆ ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸಿ ಬರುವುವೆಂಬುದನ್ನು ಶಾಲೆಯ ಮಕ್ಕಳೂ ಓದಿರುವರು. ಬಂದ ಸೈನ್ಯವು ಕೆಲಸ ತೀರಿದ ಮೇಲೆ ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು, ಹೋಗದಿದ್ದರೆ ಏನಾಗುವುದು ಎಂಬ ಪ್ರಶ್ನೆಗಳನ್ನು ಮಾತ್ರ ಕೇಳುವವರು ಕಡಿಮೆ. ವಿಜ್ಞಾನಿಗಳು ಕೂಡ ಈ ಎರಡನೆಯ ಭಾಗವನ್ನು ಸವಿಸ್ತಾರವಾಗಿ ವಿಚಾರಿಸತೊಡಗಿದ್ದು ಕಳೆದ ನಾಲ್ಕೈದು ದಶಕಗಳಿಂದೀಚೆಗೆ. ಗೃಹಸ್ಥರಾದವರು ಇದನ್ನು ತಿಳಿದುಕೊಂಡಿದ್ದರೆ ಮನೆಯಲ್ಲಿ ಕಾಯಿಲೆಯಿಂದೆದ್ದವರನ್ನು ನೋಡಿಕೊಳ್ಳುವುದಕ್ಕೆ ಪ್ರಯೋಜನವಾಗುವುದು. ಆದಕಾರಣ ಈ ತಿಂಗಳು ಮೂತ್ರಪಿಂಡವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿವರಿಸಲು ಉದ್ಯುಕ್ತರಾಗಿದ್ದೇವೆ.

ಮೊದಲು ಈ ಅಂಗದ ಪರಿಚಯವನ್ನು ಮಾಡಿಕೊಳ್ಳೋಣ. ಆಯುರ್ವೇದಗ್ರಂಥಗಳಲ್ಲಿ ಇದಕ್ಕೆ ವೃಕ್ಕವೆಂದು ಹೆಸರು. ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಅವರೆಯ ಕಾಳಿನ ಆಕಾರದಲ್ಲಿ ಇವು ಎರಡು ಇರುವುವು. ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು ೧೫೦ ಗ್ರಾಂ. ಇಷ್ಟು ಚಿಕ್ಕ ಅಂಗಗಳಾದರೂ ಹೃದಯವು ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲು ಇವುಗಳಿಗೇ ಹೋಗುವುದು. ಪ್ರತಿಯೊಂದರ ಒಳಗೂ ನೆಫ್ರಾನ್ ಎಂಬ ಸೋಸುವ ಯಂತ್ರಗಳು ಸುಮಾರು ಹತ್ತು ಲಕ್ಷ ಇರುವುವು. ಒಂದು ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತಲೂ ಸೂಕ್ಷ್ಮವಾದ ರಕ್ತನಾಳಗಳ ಒಂದು ಗಂಟು. ಅದರಿಂದ ಹೊರಟ ಒಂದು ಅಂಕುಡೊಂಕಾದ ಕೊಳವೆ. ಗಂಟಿನಲ್ಲಿ ರಕ್ತವು ಸೋಸಿ ದಿನವೊಂದಕ್ಕೆ ೧೮೦ ಲೀಟರುಗಳಷ್ಟು ದ್ರವವು ಕೊಳವೆಗಳಿಗೆ ಇಳಿಯುವುದು. ಆ ಕೊಳವೆಯ ಗೋಡೆಯಲ್ಲಿ ಒಂದೇ ಪದರವಾಗಿ ಹಾಸಿರುವ ಜೀವಕೋಶಗಳು ಅದರಲ್ಲಿ ಬೇಕಾದ ನೀರನ್ನೂ ಉಪ್ಪನ್ನೂ ಸಕ್ಕರೆಯನ್ನೂ ಮರಳಿ ರಕ್ತಕ್ಕೆ ಸೇರಿಸಿ, ಬೇಡವಾದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಬಿಡುವುವು.

ಇಷ್ಟು ದುಡಿಯುವ ಜೀವಕೋಶಗಳಿಗೆ ಪ್ರಾಣವಾಯುವಿನ ಅಗತ್ಯವೂ ಅಷ್ಟೇ ಹೆಚ್ಚು. ಆದಕಾರಣ ರಕ್ತದ ಹರಿವು ಕುಂದಿದರೆ ಮೊದಲು ನೋಯುವುದು ಈ ಕೊಳವೆಯ ಗೋಡೆಯೇ. ವಾಂತಿಭೇದಿಯಿಂದ ಮೈಯ ನೀರೆಲ್ಲ ಹೋದಾಗ, ಹೆರಿಗೆಯಲ್ಲಿ ಬಹಳ ರಕ್ತಸ್ರಾವವಾದಾಗ, ರಕ್ತಕ್ಕೆ ನಂಜೇರಿದಾಗ ಈ ಅಪಾಯವು ಒದಗುವುದು. ನಮ್ಮ ಸೀಮೆಯ ಹೊಲಗದ್ದೆಗಳಲ್ಲಿ ಕೊಳಕುಮಂಡಲದ ಹಾವು ಕಚ್ಚಿದವರಿಗೂ, ಮಳೆಗಾಲದಲ್ಲಿ ಕರಾವಳಿ ಮಲೆನಾಡುಗಳ ಕೆಸರಿನಲ್ಲಿ ಕೆಲಸ ಮಾಡುವಾಗ ಇಲಿಜ್ವರ ತಗುಲಿದವರಿಗೂ ಮೂತ್ರಪಿಂಡಗಳು ಹಠಾತ್ತಾಗಿ ಕೆಡುವುದುಂಟು. ಜರ್ಮನರ ವಿಮಾನಗಳು ಲಂಡನ್ ನಗರದ ಮೇಲೆ ಬಾಂಬುಗಳನ್ನು ಸುರಿಸುತ್ತಿದ್ದ ಕಾಲದಲ್ಲಿ, ಕುಸಿದ ಮನೆಗಳಡಿಯಲ್ಲಿ ಕೈಕಾಲು ಜಜ್ಜಿಹೋಗಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದು ಬದುಕಿ ಬಂದವರು, ಮೊದಲು ಚೇತರಿಸಿಕೊಂಡಂತೆ ಕಂಡು, ಬಳಿಕ ಮೂತ್ರವು ಕಟ್ಟುತ್ತ ಬಂದು, ಕೆಲವು ದಿನಗಳಲ್ಲಿ ತೀರಿಕೊಂಡರು. ಬೈವಾಟರ್ಸ್ ಮತ್ತು ಬೀಲ್ ಎಂಬ ಇಬ್ಬರು ೧೯೪೧ರಲ್ಲಿ ಇಂಥ ನಾಲ್ವರ ವೃತ್ತಾಂತವನ್ನು ಪ್ರಕಟಿಸಿದರು. ಜಜ್ಜಿದ ಮಾಂಸಖಂಡದಿಂದ ಹೊರಟ ಕೆಂಬಣ್ಣದ ದ್ರವ್ಯವು ಮೂತ್ರಪಿಂಡದ ಕೊಳವೆಗಳನ್ನು ಕೆಡಿಸುವುದೆಂಬುದು ಇಂಥ ಪರಿಶೀಲನೆಗಳಿಂದ ಸ್ಪಷ್ಟವಾಯಿತು.

ಇಂಥ ರೋಗಿಗಳಲ್ಲಿ ಮೂತ್ರಪಿಂಡವು ತಾನಾಗಿ ಚೇತರಿಸಿಕೊಳ್ಳಬಲ್ಲುದೆಂಬುದಕ್ಕೆ ನಿದರ್ಶನವು ಆ ಯುದ್ಧದ ಕೊನೆಯಲ್ಲಿಯೇ ದೊರೆಯಿತು. ಹಾಲೆಂಡ್ ದೇಶದ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು, ಜರ್ಮನರ ಆಳ್ವಿಕೆಯಡಿಯಲ್ಲಿಯೇ, ೧೯೪೩ರಲ್ಲಿ ರಕ್ತವನ್ನು ಹೊರಗೆ ಸೋಸುವ ಯಂತ್ರವೊಂದನ್ನು ನಿರ್ಮಿಸಿ ಉಪಯೋಗಿಸತೊಡಗಿದನು. ಮೊದಮೊದಲಿನ ರೋಗಿಗಳು ಉಳಿಯಲಿಲ್ಲ. ೧೯೪೫ರಲ್ಲಿ ೬೭ ವರ್ಷದ ಮುದುಕಿಯೊಬ್ಬಳು ಉಳಿದಳು. ಇಂದು ಡಯಾಲಿಸಿಸ್ ಎಂದು ಹೆಸರಾಗಿರುವ ಈ ಕ್ರಮವು ಮೂತ್ರಪಿಂಡವನ್ನು ಗುಣಪಡಿಸಲಿಲ್ಲ. ಅದು ಗುಣವಾಗುವವರೆಗೆ ಕಾಲವನ್ನು ದೊರಕಿಸಿಕೊಟ್ಟಿತು. ಗುಣಪಡಿಸಿಕೊಂಡದ್ದು ಮೂತ್ರಪಿಂಡವೇ. ಆ ಕಾಲದಲ್ಲಿ ಅದರೊಳಗೆ ಏನು ನಡೆಯುವುದೆಂಬುದೇ ಇಲ್ಲಿ ನಮ್ಮ ವಿಚಾರ.

ಮೊದಲು ಪ್ರಯೋಗಭಾಗ. ೧೮೮೨ರಲ್ಲಿ ರಷ್ಯಾದೇಶದ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞನು ಇಟಲಿಯ ಮೆಸ್ಸೀನಾ ಎಂಬಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಸಂಚಾರಿಗಳಾದ ಕೋಶಗಳು ಮುಳ್ಳಿನ ಸುತ್ತಲೂ ಮುತ್ತಿಕೊಂಡಿದ್ದುವು. ನುಂಗಿ ರಕ್ಷಿಸುವ ಈ ಕೋಶಗಳ ವಿಚಾರಕ್ಕಾಗಿ ಅವನಿಗೆ ೧೯೦೮ರಲ್ಲಿ, ಎರ್ಲಿಕ್ ಎಂಬವನೊಡನೆ, ನೊಬೆಲ್ ಬಹುಮಾನವು ಬಂದಿತು. ಅವನು ಕಂಡ ಭಕ್ಷಕರಲ್ಲಿ ಎರಡು ಮುಖ್ಯ ಜಾತಿಗಳುಂಟು. ಒಂದು ನ್ಯೂಟ್ರೋಫಿಲ್, ಇದು ಕಾಲಾಳು. ನಮ್ಮ ಎಲುಬಿನ ಮಜ್ಜೆಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಇವು ಹುಟ್ಟುವುವು. ಇವುಗಳ ಆಯುಸ್ಸು ಅತ್ಯಲ್ಪ. ಇನ್ನೊಂದು ಮ್ಯಾಕ್ರೋಫೇಜ್, ಎಂದರೆ ಮಹಾಭಕ್ಷಕ. ಇದು ದೊಡ್ಡದು, ದೀರ್ಘಾಯು, ಅನೇಕ ಕಾರ್ಯಗಳಲ್ಲಿ ನಿಪುಣ.

ಮೂತ್ರಪಿಂಡದಲ್ಲಿ ಗಾಯಗೊಂಡ ಕೊಳವೆಯ ಕೋಶಗಳು ಸಿಡಿದು ತಮ್ಮ ಒಳಗಿನ ದ್ರವ್ಯಗಳನ್ನು ಹೊರಚೆಲ್ಲುವುವು. ಅದೇ ಕರೆಗಂಟೆ. ಪ್ರಯೋಗಶಾಲೆಯ ಸಣ್ಣ ಇಲಿಗಳಲ್ಲಿ ಮೂತ್ರಪಿಂಡದ ರಕ್ತನಾಳವನ್ನು ಅರ್ಧ ಗಂಟೆಯಷ್ಟು ಹೊತ್ತು ಅಮುಕಿ ಬಿಟ್ಟರೆ, ಒಂದು ದಿನದೊಳಗಾಗಿ ನ್ಯೂಟ್ರೋಫಿಲ್‌ಗಳು ಕಿಕ್ಕಿರಿದು ತುಂಬುವುದು ಕಾಣಬರುವುದು. ಅವುಗಳ ಬೆನ್ನಿಗೇ ಮಹಾಭಕ್ಷಕಗಳೂ, ಲಿಂಫೋಸೈಟ್ ಎಂಬ ಇನ್ನೊಂದು ಜಾತಿಯ ಬಿಳಿಯ ಕಣಗಳೂ ಬಂದು ಸೇರುವುವು. ಇವೆಲ್ಲವೂ ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ತೀಕ್ಷ್ಣವಾದ ದ್ರವ್ಯಗಳನ್ನು ಹೊತ್ತು ತರುವುವು. ಆದರೆ ರಕ್ತದ ಕೊರತೆಯಿಂದ ಗಾಯವಾದ ಮೂತ್ರಪಿಂಡದಲ್ಲಿ ಕೊಲ್ಲತಕ್ಕ ರೋಗಾಣುಗಳೇ ಇರುವುದಿಲ್ಲ. ಶತ್ರುವಿಲ್ಲದ ಊರಿಗೆ ಬಂದ ಸೈನ್ಯವು ಊರಿನವರ ಮೇಲೆಯೇ ಕೈಮಾಡುವಂತೆ, ಈ ದ್ರವ್ಯಗಳು ನೆರೆಯ ಆರೋಗ್ಯವಂತ ಕೋಶಗಳನ್ನೂ ಸುಡುವುವು. ಇದಕ್ಕೆ ಉರಿಯೂತವೆಂದು ಹೆಸರು.

ಹೀಗಿರಲಾಗಿ ಈ ಸೈನ್ಯವನ್ನು ಬರಗೊಡದಂತೆ ತಡೆದುಬಿಟ್ಟರೆ ಒಳ್ಳೆಯದಲ್ಲವೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯದವರು ೨೦೧೧ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ದೊರೆಯುವುದು. ಗಾಯಕ್ಕೆ ಮುಂಚೆಯೇ ಇಲಿಗಳ ಮಹಾಭಕ್ಷಕಗಳನ್ನು ನಾಶಮಾಡಿದಾಗ ಮೂತ್ರಪಿಂಡಕ್ಕೆ ಆದ ಕೇಡು ಕಡಿಮೆಯಾಯಿತು. ಆದರೆ ಗಾಯವಾಗಿ ಮೂರರಿಂದ ಐದು ದಿನಗಳಾದ ಮೇಲೆ ಅವನ್ನು ನಾಶಮಾಡಿದಾಗ ದುರಸ್ತಿಯ ಕೆಲಸವೇ ಹಿಂದೆ ಬಿದ್ದಿತು. ಮೊದಲ ಎರಡು ದಿನಗಳಲ್ಲಿ ಸುಡುತ್ತಿದ್ದ ಜಾತಿಯೇ ಆಮೇಲೆ ಕಟ್ಟುವ ಜಾತಿಯಾಗುವುದೆಂದು ಇದರಿಂದ ತಿಳಿಯಿತು. ಇನ್ನೊಂದು ವಿಶೇಷವೇನೆಂದರೆ, ಉಗ್ರಸ್ವಭಾವಕ್ಕೆ ತಿರುಗಿಸಿ ಗುರುತು ಹಾಕಿದ ಮಹಾಭಕ್ಷಕಗಳನ್ನು ದುರಸ್ತಿಯು ಮೊದಲಾಗುವ ಕಾಲದಲ್ಲಿ ಇಲಿಗಳಿಗೆ ಕೊಟ್ಟಾಗ, ಅವೇ ವ್ಯಕ್ತಿಗಳು ಮೂತ್ರಪಿಂಡದೊಳಗೆ ತಮ್ಮ ಸ್ವಭಾವವನ್ನು ಬದಲಾಯಿಸಿ ಶಾಂತವಾದುವು. ಆದುದರಿಂದ ಇಲ್ಲಿ ಸಮಯವೇ ಮುಖ್ಯ. ಸೈನ್ಯವು ಬರಲೂ ಬೇಕು, ಮನಸ್ಸು ತಿರುಗಿಸಲೂ ಬೇಕು, ಹೊರಡಲೂ ಬೇಕು.

ಇನ್ನು ಉಪಸಂಹಾರಭಾಗ. ಮೊದಲು ಹೊರಡತಕ್ಕವು ನ್ಯೂಟ್ರೋಫಿಲ್‌ಗಳು. ಇವುಗಳಲ್ಲಿ ಬಹುಪಾಲು ಬಂದ ಸ್ಥಳದಲ್ಲಿಯೇ ಸಾಯುವುವು. ಆದರೆ ಸಾಯುವುದರಲ್ಲಿಯೂ ಕ್ರಮವುಂಟು. ಪೆಟ್ಟು ತಿಂದ ಕೋಶವು ಒಡೆದು ಸಾಯುವಾಗ ಒಳಗಿನ ವಿಷವೆಲ್ಲ ಹೊರಕ್ಕೆ ಚೆಲ್ಲುವುದು. ಕಾಲ ತೀರಿದ ಕೋಶವಾದರೋ ಒಳಗಿಂದೊಳಗೆ ಕುಗ್ಗಿ, ತನ್ನ ಸಾಮಗ್ರಿಯನ್ನೆಲ್ಲ ಪೊಟ್ಟಣ ಕಟ್ಟಿಕೊಂಡು, ಸದ್ದಿಲ್ಲದೆ ಮುಗಿಯುವುದು. ಈ ಎರಡನೆಯ ಬಗೆಯ ಮರಣಕ್ಕೆ ೧೯೭೨ರಲ್ಲಿ ಕೆರ್, ವೈಲಿ, ಕರ್ರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಕಾರ್ಮ್ಯಾಕ್ ಎಂಬವನು ಅವರಿಗೆ ಈ ಪದವನ್ನು ಸೂಚಿಸಿದನು. ಗಿಡದಿಂದ ಎಲೆ ಉದುರುವುದು, ಹೂವಿನಿಂದ ದಳ ಉದುರುವುದು ಎಂದು ಅದರ ಅರ್ಥ. ಭಾಷೆಯನ್ನು ಕಲಿಸಿ ಜೀವಮಾನ ಕಳೆದ ನಮಗೆ, ಒಬ್ಬ ಭಾಷಾಪಂಡಿತನ ಮಾತು ಜೀವಶಾಸ್ತ್ರದ ಪುಸ್ತಕಗಳಲ್ಲೆಲ್ಲ ನೆಲೆಸಿತಲ್ಲಾ ಎಂದು ಸಂತೋಷವಾಗುವುದು.

ಉದುರಿದ ಎಲೆಯನ್ನು ಗುಡಿಸುವವರು ಬೇಕು. ಗುಡಿಸದೆ ಬಿಟ್ಟರೆ ಆ ಪೊಟ್ಟಣವೂ ಕೊನೆಗೆ ಒಡೆದು ಹೊಸ ಉರಿಯನ್ನು ಹುಟ್ಟಿಸುವುದು. ಆದಕಾರಣ ಸಾಯುವ ಕೋಶವು ತನ್ನನ್ನು ಎತ್ತಿಕೊಂಡುಹೋಗಿರೆಂದು ತಾನೇ ಸೂಚನೆ ಕೊಡುವುದು. ಫಾಸ್ಫಟಿಡೈಲ್‌ಸೆರೀನ್ ಎಂಬ ಒಂದು ಜಿಡ್ಡಿನ ದ್ರವ್ಯವು ಬದುಕಿರುವ ಕೋಶದ ಪೊರೆಯಲ್ಲಿ ಒಳಮೈಗೆ ಅಡಗಿರುವುದು. ಸಾಯುವಾಗ ಅದು ಹೊರಮೈಗೆ ತಿರುಗುವುದು. ಅಂಗಿಯನ್ನು ಒಳಹೊರಗಾಗಿ ತಿರುಗಿಸಿ ಹಾಕಿಕೊಂಡವನು ಸಂತೆಯ ಜನರ ಕಣ್ಣಿಗೆ ಬೀಳುವಂತೆ, ಈ ಗುರುತಿನಿಂದ ಮಹಾಭಕ್ಷಕಗಳು ಅದನ್ನು ಪತ್ತೆಮಾಡಿ ಇಡಿಯಾಗಿ ನುಂಗಿಬಿಡುವುವು. ಜಾನ್ ಸ್ಯಾವಿಲ್ ಎಂಬ ವೈದ್ಯನೂ ಅವನ ಸಂಗಡಿಗರೂ ೧೯೮೯ರಲ್ಲಿ ಮುಪ್ಪಾದ ನ್ಯೂಟ್ರೋಫಿಲ್‌ಗಳು ಹೀಗೆ ಮಹಾಭಕ್ಷಕಗಳ ಪಾಲಾಗುವುದನ್ನು ತೋರಿಸಿದರು. ಈ ಕಾರ್ಯಕ್ಕೆ ಈಗಿನ ಶಾಸ್ತ್ರಜ್ಞರು ಎಫೆರೋಸೈಟೋಸಿಸ್ ಎಂದು ಹೆಸರಿಟ್ಟಿದ್ದಾರೆ. ಅದರ ಮೂಲವಾದ ಲ್ಯಾಟಿನ್ ಧಾತುವಿಗೆ ಶವವನ್ನು ಹೊತ್ತು ಹೊರಕ್ಕೆ ಒಯ್ಯುವುದೆಂದು ಅರ್ಥ. ನಮ್ಮ ಭಾಷೆಯಲ್ಲಿ ಅಂತ್ಯಸಂಸ್ಕಾರವೆಂದರೆ ಸಾಕು.

ಈ ಸಂಸ್ಕಾರವನ್ನು ಮಾಡಿದವನ ಮನಸ್ಸು ಮೊದಲಿನಂತೆಯೇ ಉಳಿಯುವುದಿಲ್ಲವೆಂಬುದು ಇಲ್ಲಿ ಬಹು ಮುಖ್ಯವಾದ ಮಾತು. ಅಪೊಪ್ಟೋಸಿಸಿನಿಂದ ಸತ್ತ ಕೋಶವನ್ನು ನುಂಗಿದ ಮಹಾಭಕ್ಷಕವು ಉರಿಯನ್ನು ಹೆಚ್ಚಿಸುವ ದ್ರವ್ಯಗಳನ್ನು ಕಡಿಮೆಮಾಡಿ, ಉರಿಯನ್ನು ತಣಿಸುವ ದ್ರವ್ಯಗಳನ್ನು ಹೊರಡಿಸುವುದೆಂದು ೧೯೯೮ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ರಣರಂಗದಲ್ಲಿ ಹೆಣಗಳನ್ನು ಎತ್ತಿದವನಿಗೆ ಯುದ್ಧದಲ್ಲಿ ವೈರಾಗ್ಯ ಹುಟ್ಟುವಂತೆ ಎನ್ನಬಹುದು. ಯೇಲಿನ ಪ್ರಯೋಗದಲ್ಲಿ ಕಂಡ ಸ್ವಭಾವಪರಿವರ್ತನೆಗೆ ಇದೂ ಒಂದು ಕಾರಣವಾಗಬಲ್ಲುದು. ಸೈನ್ಯದ ಮೊದಲನೆಯ ದಳವು ಸಾಯುವುದರಿಂದಲೇ ಎರಡನೆಯ ದಳಕ್ಕೆ ಶಾಂತಿಯ ಉಪದೇಶವಾಗುವುದು.

ಮೂತ್ರಪಿಂಡದಲ್ಲಿ ಇನ್ನೂ ಒಂದು ಆಶ್ಚರ್ಯವುಂಟು. ಕೊಳವೆಯೊಳಗೆ ಸತ್ತ ಕೋಶಗಳ ಕಸವು ತುಂಬಿ ದಾರಿ ಕಟ್ಟಿರುವಾಗ, ಆ ಕೊಳವೆಯ ಗೋಡೆಯಲ್ಲಿ ಬದುಕಿ ಉಳಿದ ಕೋಶಗಳೇ ಪೊರಕೆ ಹಿಡಿಯುವುವು. ಸೋಸಿದ ನೀರನ್ನು ಹೀರುವುದೇ ಮುಖ್ಯ ವೃತ್ತಿಯಾಗಿರುವ ಈ ಕೋಶಗಳು ಗಾಯದ ಕಾಲದಲ್ಲಿ ಕಿಮ್-ಒಂದು ಎಂಬ ಹೊಸ ಕೊಂಡಿಯನ್ನು ತಮ್ಮ ಮೈಮೇಲೆ ಬೆಳೆಸಿಕೊಂಡು, ಅದರಿಂದ ಸತ್ತವುಗಳನ್ನು ಹಿಡಿದು ನುಂಗುವುವು. ಈ ದ್ರವ್ಯವನ್ನು ೧೯೯೮ರಲ್ಲಿ ವರ್ಣಿಸಿದವರೂ, ಅದು ಫಾಸ್ಫಟಿಡೈಲ್‌ಸೆರೀನಿನ ಗುರುತನ್ನೇ ಹಿಡಿಯುವುದೆಂದು ೨೦೦೮ರಲ್ಲಿ ತೋರಿಸಿದವರೂ ಇಚಿಮುರಾ, ಬಾನ್‌ವೆಂಟರ್ ಮೊದಲಾದವರು. ಊರಿಗೆ ವಿಪತ್ತು ಬಂದಾಗ ಅಂಗಡಿಯವನೂ ನೇಕಾರನೂ ಸಲಿಕೆ ಹಿಡಿದು ಬೀದಿಗಿಳಿಯುವಂತೆ ಇದು. ಹೀಗೆ ಕಸ ತೆಗೆದ ಜಾಗದಲ್ಲಿ ಉಳಿದ ಕೋಶಗಳು ಎರಡಾಗಿ ನಾಲ್ಕಾಗಿ ಬೆಳೆದು ಗೋಡೆಯನ್ನು ಮತ್ತೆ ಮುಚ್ಚುವುವು. ಹೊಸ ನೆಫ್ರಾನುಗಳು ಮಾತ್ರ ಹುಟ್ಟುವುದಿಲ್ಲ. ಅವುಗಳ ಸಂಖ್ಯೆಯು ನಾವು ಹುಟ್ಟುವುದಕ್ಕೆ ಮುಂಚೆಯೇ ನಿಶ್ಚಿತವಾಗಿರುವುದು. ಹೋದುದು ಹೋಯಿತು; ಇರುವುದನ್ನು ಸರಿಪಡಿಸಿಕೊಳ್ಳಬೇಕು.

ನ್ಯೂಟ್ರೋಫಿಲ್‌ಗಳನ್ನು ಮಹಾಭಕ್ಷಕಗಳು ತಿಂದುವು. ಮಹಾಭಕ್ಷಕಗಳನ್ನು ತೆಗೆಯುವವರು ಯಾರು? ಅವುಗಳಲ್ಲಿ ಕೆಲವು ಅಲ್ಲಿಯೇ ಎಲೆಯಂತೆ ಉದುರಿ ತಮ್ಮ ಜಾತಿಯವುಗಳಿಗೇ ಆಹಾರವಾಗುವುವು. ಇನ್ನು ಕೆಲವು ದುಗ್ಧನಾಳಗಳೆಂಬ ಕಾಲುವೆಗಳ ಮೂಲಕ ಹೊರಟು ಸಮೀಪದ ದುಗ್ಧಗ್ರಂಥಿಗಳನ್ನು ಸೇರಬಲ್ಲವು. ಇಲಿಗಳ ಹೊಟ್ಟೆಯ ಒಳಪೊರೆಯಲ್ಲಿ ಉರಿಯೂತವು ಇಳಿಯುವಾಗ ಹೀಗೆ ಅವು ವಲಸೆ ಹೋಗುವುದನ್ನು ೧೯೯೬ರಲ್ಲಿಯೇ ಗುರುತಿಸಿದ್ದರು. ಮೂತ್ರಪಿಂಡದಲ್ಲಿಯೂ ದುಗ್ಧನಾಳಗಳುಂಟು. ಲಿಂಫೋಸೈಟುಗಳಲ್ಲಿ ಕೆಲವು, ಕೆರಳಿಸುವ ಕಾರಣವು ನಿಂತೊಡನೆ ತಾವಾಗಿ ಸಾಯುವುವು. ಅವುಗಳಲ್ಲಿಯೇ ನಿಯಾಮಕವೆಂಬ ಒಂದು ಪಂಗಡವು ಉಳಿದವುಗಳ ಕೈ ಹಿಡಿದು ತಡೆಯುವುದು. ಕೆಲವು ಮಾತ್ರ ಹಳೆಯ ಪೆಟ್ಟಿನ ನೆನಪನ್ನು ಇಟ್ಟುಕೊಂಡು ಅಲ್ಲಿಯೇ ನಿಲ್ಲುವುವು. ಹುಟ್ಟಿನಿಂದಲೂ ಮೂತ್ರಪಿಂಡದಲ್ಲಿಯೇ ಮನೆಮಾಡಿಕೊಂಡಿರುವ ಮಹಾಭಕ್ಷಕಗಳೂ ಇರುವುವು. ಅವು ಊರ ತಳವಾರರು. ಸೈನ್ಯವು ಹೋದರೂ ಅವು ಹೋಗುವುದಿಲ್ಲ.

ಈ ನಿರ್ಗಮನವೆಲ್ಲವೂ ಬೆಂಕಿಯು ಸೌದೆ ತೀರಿ ತಾನಾಗಿ ಆರುವಂತೆ ನಡೆಯುವುದೆಂದು ಬಹುಕಾಲ ಭಾವಿಸಿದ್ದರು. ಹಾಗಲ್ಲವೆಂದೂ, ಆರಿಸುವುದಕ್ಕೆ ಶರೀರವು ಪ್ರತ್ಯೇಕವಾದ ದ್ರವ್ಯಗಳನ್ನು ತಯಾರಿಸುವುದೆಂದೂ ಈಗ ಸಿದ್ಧವಾಗಿದೆ. ಚಾರ್ಲ್ಸ್ ಸೆರ್ಹಾನ್ ಎಂಬವನೂ ಅವನ ಸಹಕಾರಿಗಳೂ ಕಂಡುಹಿಡಿದ ರಿಸಾಲ್ವಿನ್ ಎಂಬವು ಇಂಥ ದ್ರವ್ಯಗಳು. ಇವನ್ನು ಇಲಿಗಳಿಗೆ ಕೊಟ್ಟಾಗ ಗಾಯಗೊಂಡ ಮೂತ್ರಪಿಂಡದಲ್ಲಿ ಸೇರುವ ಬಿಳಿಯ ಕಣಗಳು ಕಡಿಮೆಯಾಗಿ, ಬಳಿಕ ಆಗುವ ಗಂಟುಗಟ್ಟುವಿಕೆಯೂ ಕಡಿಮೆಯಾಯಿತೆಂದು ೨೦೦೬ರಲ್ಲಿ ಪ್ರಕಟವಾಯಿತು. ಮೀನೆಣ್ಣೆಯಲ್ಲಿರುವ ಒಂದು ಕೊಬ್ಬಿನಿಂದ ಶರೀರವು ಇವನ್ನು ತಯಾರಿಸಿಕೊಳ್ಳುವುದು. ಇದನ್ನು ಓದಿ ಯಾರೂ ಮೀನೆಣ್ಣೆಯ ಸೀಸೆಯನ್ನು ಕೊಳ್ಳಲು ಅಂಗಡಿಗೆ ಓಡಬಾರದು. ಇಲಿಗಳಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗುವುದೆಂಬ ನಿಯಮವಿಲ್ಲ. ರೋಗಿಯ ಮೂತ್ರಪಿಂಡದಿಂದ ಈ ಸೈನ್ಯವನ್ನು ಬೇಗನೆ ಕಳುಹಿಸಿಕೊಡುವ ಮದ್ದು ಇನ್ನೂ ವೈದ್ಯರ ಕೈಗೆ ಬಂದಿಲ್ಲ.

ಉಪಸಂಹಾರವು ಆಗದಿದ್ದರೆ ಏನಾಗುವುದು? ಗಾಯವು ಬಹಳ ದೊಡ್ಡದಾದರೆ, ಅಥವಾ ಒಂದು ಗಾಯವು ಮಾಯುವುದರೊಳಗೆ ಮತ್ತೊಂದು ಪೆಟ್ಟು ಬಿದ್ದರೆ, ಮಹಾಭಕ್ಷಕಗಳು ಹೊರಡದೆ ನಿಲ್ಲುವುವು. ಕಟ್ಟುವ ಸ್ವಭಾವಕ್ಕೆ ತಿರುಗಿದ್ದರೂ ನಿಲ್ಲಿಸುವುದನ್ನು ಅರಿಯದೆ ಕಟ್ಟುತ್ತಲೇ ಇರುವುವು. ಅವುಗಳ ಪ್ರೇರಣೆಯಿಂದ ನಾರನ್ನು ನೇಯುವ ಕೋಶಗಳು ಕೊಳವೆಗಳ ನಡುವಿನ ಜಾಗದಲ್ಲೆಲ್ಲ ನಾರನ್ನು ತುಂಬುವುವು. ಸೂಕ್ಷ್ಮ ರಕ್ತನಾಳಗಳು ಅದರಲ್ಲಿ ಸಿಕ್ಕಿ ನಶಿಸುವುವು. ಮೃದುವಾಗಿದ್ದ ಅಂಗವು ಬರಬರುತ್ತ ಕುಗ್ಗಿ ಗಡುಸಾಗುವುದು. ಪೊರಕೆ ಹಿಡಿದ ಕೊಳವೆಯ ಕೋಶಗಳ ವಿಷಯವೂ ಹೀಗೆಯೇ. ಕಿಮ್-ಒಂದು ಎಂಬ ಕೊಂಡಿಯನ್ನು ಎಡೆಬಿಡದೆ ಬೆಳೆಸುತ್ತಲೇ ಇರುವಂತೆ ಮಾಡಿದ ಇಲಿಗಳಲ್ಲಿ ಮೂತ್ರಪಿಂಡವು ನಾರುಗಟ್ಟಿತೆಂದು ೨೦೧೩ರಲ್ಲಿ ತೋರಿಸಿದರು. ಕೆಲವು ದಿನಗಳ ಮಟ್ಟಿಗೆ ಉಪಕಾರಿಯಾದದ್ದು ತಿಂಗಳುಗಟ್ಟಲೆ ನಡೆದರೆ ಅಪಕಾರಿಯಾಗುವುದು. ಮದುವೆಗೆ ಹಾಕಿದ ಚಪ್ಪರವನ್ನು ಕೀಳದೆ ಬಿಟ್ಟರೆ ಮಳೆಗಾಲದಲ್ಲಿ ಅದೇ ಮುರಿದು ಮನೆಯ ಮೇಲೆ ಬೀಳುವುದನ್ನು ನಾವೆಲ್ಲರೂ ನೋಡಿದ್ದೇವೆ.

ಈಗ ಗೃಹಸ್ಥರಿಗೆ ಬೇಕಾದ ಮಾತಿಗೆ ಬರೋಣ. ನಮಗೆ ಪರಿಚಿತರಾದ ಒಬ್ಬರು ಎರಡು ವರ್ಷಗಳ ಕೆಳಗೆ ಬೇಸಗೆಯಲ್ಲಿ ವಾಂತಿಭೇದಿಯಾಗಿ ಮೂತ್ರವು ನಿಂತು, ಆಸ್ಪತ್ರೆಯಲ್ಲಿ ಹತ್ತು ದಿನಗಳಿದ್ದು ಗುಣವಾಗಿ ಮನೆಗೆ ಬಂದರು. ನೋಡಲು ಹೋದಾಗ, “ಮೇಷ್ಟರೇ, ರಕ್ತದ ರಿಪೋರ್ಟು ನಾರ್ಮಲ್ ಬಂತು, ಇನ್ನೇನು ಭಯ?” ಎಂದು ನಗುತ್ತ ಹೇಳಿದರು. ಅವರ ಹೆಂಡತಿಯವರು, “ಮೂರು ತಿಂಗಳು ಬಿಟ್ಟು ಬಂದು ತೋರಿಸಿಕೊಳ್ಳಿ ಅಂತ ಡಾಕ್ಟರು ಹೇಳಿದಾರೆ, ಇವರು ಕೇಳೋದೇ ಇಲ್ಲ” ಎಂದರು. ತಿಂಗಳೊಳಗಾಗಿ ಅವರಿಗೆ ಮಂಡಿನೋವು ಮರುಕಳಿಸಿತು. ಔಷಧದಂಗಡಿಯಿಂದ ನೋವಿನ ಮಾತ್ರೆಗಳನ್ನು ತಾವೇ ತಂದು ದಿನಕ್ಕೆರಡರಂತೆ ನುಂಗಿದರು. ಕಾಲುಗಳು ಊದಿಕೊಂಡವು. ಮತ್ತೆ ಪರೀಕ್ಷಿಸುವ ಹೊತ್ತಿಗೆ ಮೂತ್ರಪಿಂಡಗಳ ಶಕ್ತಿಯು ಅರ್ಧಕ್ಕಿಂತ ಕಡಿಮೆಯಾಗಿತ್ತು. ಅದು ತಿರುಗಿ ಬರಲಿಲ್ಲ. ಅವರು ಈಗಲೂ ಇದ್ದಾರೆ, ಪಥ್ಯದಲ್ಲಿದ್ದಾರೆ, ಹೆಂಡತಿಯವರು ಪ್ರತಿ ತಿಂಗಳೂ ರಕ್ತಪರೀಕ್ಷೆಯ ಕಾಗದಗಳನ್ನು ಒಂದು ಕಡತದಲ್ಲಿ ಜೋಡಿಸಿ ಇಡುತ್ತಾರೆ.

ಇವರು ನಂಬಿದ ರಿಪೋರ್ಟು ಸುಳ್ಳಲ್ಲ. ಅದು ಹೇಳುವುದು ಸ್ವಲ್ಪ ಮಾತ್ರ. ಕ್ರಿಯಾಟಿನಿನ್ ಎಂಬುದು ಮಾಂಸಖಂಡಗಳಲ್ಲಿ ಹುಟ್ಟಿ ರಕ್ತಕ್ಕೆ ಬರುವ ಒಂದು ಕಶ್ಮಲ. ಅದನ್ನು ಮೂತ್ರಪಿಂಡಗಳು ಹೊರಹಾಕುವುವು. ಅದರ ಪ್ರಮಾಣ ಇಳಿಯಿತೆಂದರೆ ಸೋಸುವಿಕೆಯು ಮತ್ತೆ ನಡೆಯುತ್ತಿದೆಯೆಂದು ಅರ್ಥ. ಆದರೆ ಕೆಲವು ನೆಫ್ರಾನುಗಳು ನಷ್ಟವಾಗಿದ್ದರೂ ಉಳಿದವು ಅವುಗಳ ಪಾಲಿನ ಕೆಲಸವನ್ನು ಹೆಚ್ಚಾಗಿ ಹೊತ್ತುಕೊಳ್ಳುವುದರಿಂದ ಈ ಅಂಕಿಯು ಸರಿಯಾಗಿಯೇ ಕಾಣಬಹುದು. ಒಳಗಿನ ಸೈನ್ಯವು ಪೂರ್ಣವಾಗಿ ಹೊರಟಿದೆಯೋ, ನಾರು ಕಟ್ಟುತ್ತಿದೆಯೋ ಎಂಬುದನ್ನು ಅದು ಹೇಳಲಾರದು. ಆದುದರಿಂದಲೇ, ಇಂಥ ರೋಗಿಗಳನ್ನು ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಗುಣವಾಗಿದೆಯೋ ಅಥವಾ ದೀರ್ಘರೋಗವು ಹುಟ್ಟಿಕೊಂಡಿದೆಯೋ ಎಂದು ನೋಡತಕ್ಕದ್ದೆಂದು ೨೦೧೨ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂಚನೆಗಳಲ್ಲಿ ಹೇಳಿದೆ. ಆ ಪರೀಕ್ಷೆಯಲ್ಲಿ ರಕ್ತದೊಡನೆ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂಬುದನ್ನೂ, ರಕ್ತದ ಒತ್ತಡವನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು.

ಈ ನಡುವಣ ಕಾಲದಲ್ಲಿ ಮನೆಯವರು ಪಾಲಿಸತಕ್ಕ ನಿಯಮಗಳು ಕೆಲವೇ. ಮೊದಲನೆಯದು, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತದ ಹರಿವನ್ನು ಕುಗ್ಗಿಸುವುವು. ಎರಡನೆಯದು, ಒಳಗೆ ಏನಿದೆಯೆಂದು ತಿಳಿಯದ ಚೂರ್ಣ ಭಸ್ಮಗಳನ್ನು, ಎಷ್ಟೇ ಪ್ರೀತಿಯಿಂದ ನಂಟರು ತಂದುಕೊಟ್ಟರೂ, ಕೊಡಬಾರದು. ಸೀಸ ಪಾದರಸಗಳು ಮೂತ್ರಪಿಂಡಕ್ಕೆ ವಿಷ. ಆಯುರ್ವೇದದಲ್ಲಿ ಗೌರವವುಳ್ಳ ನಾವೇ ಈ ಮಾತನ್ನು ಹೇಳುತ್ತಿದ್ದೇವೆ. ಮೂರನೆಯದು, ಮತ್ತೆ ವಾಂತಿಯೋ ಭೇದಿಯೋ ಜ್ವರವೋ ಬಂದರೆ ನಾಳೆ ನೋಡೋಣವೆಂದು ಕಾಯದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಅವರೇ ನಿರ್ಣಯಿಸತಕ್ಕದ್ದು, ಏಕೆಂದರೆ ಕೆಲವರಿಗೆ ನೀರು ಕಡಿಮೆಯಾದರೆ ಕೇಡು, ಕೆಲವರಿಗೆ ಹೆಚ್ಚಾದರೆ ಕೇಡು. ನಾಲ್ಕನೆಯದು, ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರನ್ನು ಕಂಡರೂ, ಇಂಥ ತಿಂಗಳಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತೆಂದು ಮೊದಲೇ ತಿಳಿಸಬೇಕು. ಮಧುಮೇಹವೂ ರಕ್ತದೊತ್ತಡವೂ ಇರುವವರು ಇವನ್ನು ಎರಡು ಪಾಲು ಎಚ್ಚರಿಕೆಯಿಂದ ಅನುಸರಿಸಬೇಕು.

ನಮ್ಮ ಹಿರಿಯರು ಪೂಜೆಯಲ್ಲಿ ಆವಾಹನೆಗೆ ಎಷ್ಟು ಶ್ರದ್ಧೆಯನ್ನು ವಿಧಿಸಿದರೋ ವಿಸರ್ಜನೆಗೂ ಅಷ್ಟೇ ಶ್ರದ್ಧೆಯನ್ನು ವಿಧಿಸಿದರು. ಕಾಯಿಲೆಯ ಆರಂಭದಲ್ಲಿ ಮನೆಯವರೆಲ್ಲರೂ ಎಚ್ಚರವಾಗಿರುವರು. ಬಂಧುಗಳು ಬರುವರು, ಹಣ್ಣು ತರುವರು, ರಾತ್ರಿ ಕಾಯುವರು. ರೋಗಿಯು ಎದ್ದು ಕುಳಿತು ಊಟಮಾಡಿದನೆಂದರೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುವರು. ಆದರೆ ಆ ಹೊತ್ತಿಗೆ ಮೂತ್ರಪಿಂಡದೊಳಗೆ ಕೋಟ್ಯನುಕೋಟಿ ಕಣಗಳು ಇನ್ನೂ ಸತ್ತವರನ್ನು ಎತ್ತುತ್ತ, ಗೋಡೆಯನ್ನು ಕಟ್ಟುತ್ತ, ತಾವು ಹೊರಡುವ ದಾರಿಯನ್ನು ಹುಡುಕುತ್ತ ಇರುವುವು. ಅವುಗಳ ಕೆಲಸಕ್ಕೆ ಅಡ್ಡಿಯಾಗದಂತೆ ಕಾಲಾವಕಾಶವನ್ನು ಕೊಡುವುದಷ್ಟೇ ನಮ್ಮ ಪಾಲಿನ ಕರ್ತವ್ಯ. ಮನೆಯಲ್ಲಿ ಇಂಥವರು ಯಾರಾದರೂ ಇದ್ದರೆ, ಮೂರನೆಯ ತಿಂಗಳ ಆ ದಿನವನ್ನು ಇಂದೇ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿರೆಂದು ನಮ್ಮ ಪ್ರಾರ್ಥನೆ.